ಬೈಕಿನ ಸೈಡ್ ಬಾಕ್ಸ್: ಮುರಿದ ಸ್ಟ್ಯಾಂಡು, ಎದ್ದುಹೋದ ಬಣ್ಣ

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಹತ್ತಿರದ ಹಳ್ಳಿ. ನನ್ನ ಬಳಿ ಹಿಮಾಲಯನ್ 411 ಬೈಕ್ ಇದೆ. ಕಳೆದ ವರ್ಷ ಜಿ.ಐ. (ಸತು ಲೇಪಿಸಿದ ಕಬ್ಬಿಣ) ಶೀಟಿನ ಎರಡು ಸೈಡ್ ಬಾಕ್ಸ್, ಅವನ್ನು ಹಿಡಿಸಲು ಕಬ್ಬಿಣದ ಪೈಪಿನ ಸ್ಟ್ಯಾಂಡ್ ಮಾಡಿಸಿ, ನಾನೇ ಕೂತು ಆಯಿಲ್ ಪೇಂಟ್ ಹೊಡೆದಿದ್ದೆ. ಒಂದೇ ಮಳೆಗಾಲಕ್ಕೆ ಬಾಕ್ಸಿನ ಬಣ್ಣ ಹಪ್ಪಳದಂತೆ ಎದ್ದುಬಂತು. ಆಗುಂಬೆ ಘಾಟಿ ಇಳಿಯುವಾಗ ಎಡಗಡೆಯ ಸ್ಟ್ಯಾಂಡ್ ತುಂಡಾಯಿತು. ಈ ಸಲ ಎಲ್ಲವನ್ನೂ ಮನೆಯಲ್ಲೇ ಮಾಡಬೇಕೆಂದಿದ್ದೇನೆ. ಗ್ರೈಂಡರ್, ಡ್ರಿಲ್ ಮತ್ತು ಸಣ್ಣ ಆರ್ಕ್ ವೆಲ್ಡಿಂಗ್ ಮಷಿನ್ ಇವೆ. ಯಾವ ಪೈಪು, ಯಾವ ಶೀಟು, ಬಣ್ಣ ಹೇಗೆ? ಮುರಿದ ಭಾಗದ ಫೋಟೊ ಕಳುಹಿಸಿದ್ದೇನೆ.

ಉತ್ತರ: ನೀವು ಕಳುಹಿಸಿದ ಫೋಟೊಗಳಲ್ಲಿ ಹೆಚ್ಚು ವಿಷಯ ಹೇಳುತ್ತಿರುವುದು ಮುರಿದ ಪೈಪಿನ ತುದಿಯದು. ಆ ತುದಿಯ ಮುಖದ ಮುಕ್ಕಾಲು ಭಾಗ ಕಂದು ತುಕ್ಕು ಹಿಡಿದಿದೆ, ಉಳಿದ ಕಾಲು ಭಾಗ ಮಾತ್ರ ಹೊಸ ಕಬ್ಬಿಣದಂತೆ ಹೊಳೆಯುತ್ತಿದೆ. ಅಂದರೆ ಪೈಪು ಘಾಟಿಯಲ್ಲಿ ಒಮ್ಮೆಗೇ ಮುರಿದದ್ದಲ್ಲ. ವಾರಗಳ ಹಿಂದೆಯೇ ಕೂದಲೆಳೆಯಷ್ಟು ಬಿರುಕು ಬಿಟ್ಟು, ಅದರೊಳಗೆ ಮಳೆನೀರು ಇಳಿದು ತುಕ್ಕು ಹಿಡಿದು, ಬಿರುಕು ದಿನದಿನಕ್ಕೆ ಮುಂದೆ ಸರಿದು, ಕೊನೆಗೆ ಉಳಿದಿದ್ದ ಕಾಲು ಭಾಗ ಆ ದಿನ ಭಾರ ತಾಳದೆ ಹರಿದಿದೆ. ಇದನ್ನು ಲೋಹದ ದಣಿವು ಎನ್ನುತ್ತಾರೆ. ತಂತಿಯನ್ನು ಅತ್ತ ಇತ್ತ ಬಗ್ಗಿಸಿ ತುಂಡು ಮಾಡುತ್ತೇವಲ್ಲ, ಇದೂ ಅದೇ ಕ್ರಿಯೆ. ಇಲ್ಲಿ ಬಗ್ಗುವ ಪ್ರಮಾಣ ಕಣ್ಣಿಗೆ ಕಾಣದಷ್ಟು ಕಡಿಮೆ, ಬಗ್ಗುವ ಸಲಗಳು ಲಕ್ಷಗಟ್ಟಲೆ.

ಬಿರುಕು ಶುರುವಾದ ಜಾಗವೂ ಗೊತ್ತಾಗುತ್ತದೆ. ಬೋಲ್ಟ್ ಹಾಕಲು ಅನುಕೂಲವಾಗಲೆಂದು ಪೈಪಿನ ತುದಿಯನ್ನು ಸುತ್ತಿಗೆಯಿಂದ ಜಜ್ಜಿ ಚಪ್ಪಟೆ ಮಾಡಿ ತೂತು ಹೊಡೆದಿದ್ದಾರೆ, ಅದರ ಒಂದು ಬೆರಳು ಮೇಲೆಯೇ ಅಡ್ಡ ಪಟ್ಟಿಯೊಂದನ್ನು ವೆಲ್ಡ್ ಮಾಡಿದ್ದಾರೆ. ದುಂಡಗಿನ ಪೈಪು ಚಪ್ಪಟೆಗೆ ತಿರುಗುವ ಕುತ್ತಿಗೆ ಮೊದಲೇ ದುರ್ಬಲ. ಅಲ್ಲಿಗೇ ವೆಲ್ಡಿಂಗಿನ ಕಾವು ತಗುಲಿದರೆ ಇಡೀ ಸ್ಟ್ಯಾಂಡಿನ ಅಲುಗಾಟ ಬಂದು ಸೇರುವುದು ಆ ಒಂದೇ ಗೆರೆಯಲ್ಲಿ. ಬೇರೆಯವರನ್ನು ದೂರುವ ಮುನ್ನ ಒಪ್ಪಿಕೊಳ್ಳಬೇಕು: ನಾನು ಮೊದಲ ಸಲ ಮಾಡಿದ ಸ್ಟ್ಯಾಂಡೂ ಜಜ್ಜಿದ ತುದಿಯದೇ ಆಗಿತ್ತು, ಅದೂ ಅಲ್ಲಿಯೇ ಮುರಿಯಿತು.

ಎರಡನೆಯ ಕೊರತೆ ಹಿಂದಿನಿಂದ ತೆಗೆದ ಫೋಟೊದಲ್ಲಿದೆ. ಎಡಗಡೆಯ ಸ್ಟ್ಯಾಂಡಿಗೂ ಬಲಗಡೆಯದಕ್ಕೂ ನಡುವೆ ಏನೇನೂ ಸಂಬಂಧವಿಲ್ಲ. ಪ್ರತಿಯೊಂದೂ ಎರಡೇ ಬೋಲ್ಟುಗಳ ಮೇಲೆ ಒಂಟಿಯಾಗಿ ನೇತಾಡುತ್ತಿದೆ. ನೇರ ಕೆಳಕ್ಕೆ ಬೀಳುವ ಭಾರವನ್ನು ಎರಡು ಬೋಲ್ಟು ಸುಲಭವಾಗಿ ಹೊರುತ್ತವೆ, ಆದರೆ ಗುಂಡಿಯಿಂದ ಗುಂಡಿಗೆ ಬಾಕ್ಸು ಗಡಿಯಾರದ ಲೋಲಕದಂತೆ ಒಳಗೂ ಹೊರಗೂ ಹೊಯ್ದಾಡುವುದನ್ನು ಅವು ತಡೆಯಲಾರವು. ಹೊಸದನ್ನು ಮಾಡುವಾಗ ಪ್ರತಿ ಬದಿಗೆ ಮೂರು ಹಿಡಿತ ಇರಲಿ: ಎರಡು ಮೇಲೆ, ಸೀಟಿನ ಹಿಂಭಾಗದ ಚೌಕಟ್ಟಿನ ಬೋಲ್ಟುಗಳಿಗೆ, ಒಂದು ಕೆಳಗೆ, ಹಿಂಬದಿ ಸವಾರರ ಫುಟ್‌ರೆಸ್ಟಿನ ಬ್ರಾಕೆಟ್ಟಿಗೆ. ಜೊತೆಗೆ ನಂಬರ್ ಪ್ಲೇಟಿನ ಹಿಂದೆ ಎರಡೂ ಸ್ಟ್ಯಾಂಡುಗಳ ಕೆಳಭಾಗವನ್ನು ಜೋಡಿಸುವ ಒಂದು ಅಡ್ಡ ಪೈಪು ಇರಲೇಬೇಕು. ನನ್ನ ಅನುಭವದಲ್ಲಿ ಸ್ಟ್ಯಾಂಡಿನ ಆಯುಸ್ಸನ್ನು ಇದರಷ್ಟು ಹೆಚ್ಚಿಸುವ ಭಾಗ ಇನ್ನೊಂದಿಲ್ಲ. ಇದನ್ನು ವೆಲ್ಡ್ ಮಾಡದೆ ಬೋಲ್ಟಿನಲ್ಲಿ ಕೂರಿಸಿ; ಚಕ್ರ ಬಿಚ್ಚುವ ದಿನ ನಿಮಗೇ ಅನುಕೂಲ.

ಆ ಅಡ್ಡ ಪೈಪಿನ ಜಾಗ ಗುರುತಿಸುವಾಗ ಒಂದು ಎಚ್ಚರಿಕೆ. ನಿಮ್ಮ ಬೈಕಿನ ಹಿಂಚಕ್ರ 180 ಮಿ.ಮೀ. ಮೇಲೇರಬಲ್ಲದು. ಸ್ಟ್ಯಾಂಡು ಚೌಕಟ್ಟಿನ ಜೊತೆಗಿರುತ್ತದೆ, ಚಕ್ರ ಮಾತ್ರ ಏರಿಳಿಯುತ್ತದೆ. ಸೆಂಟರ್ ಸ್ಟ್ಯಾಂಡಿನ ಮೇಲೆ ನಿಂತ ಬೈಕನ್ನು ನೋಡಿ ಅಳತೆ ಹಿಡಿದರೆ ಟೈರಿಗೂ ಪೈಪಿಗೂ ಬೇಕಾದಷ್ಟು ಅಂತರವಿದೆ ಎಂದೇ ಅನ್ನಿಸುತ್ತದೆ. ಮೊದಲ ದೊಡ್ಡ ಹಂಪಿನಲ್ಲಿ ಟೈರು ಪೈಪನ್ನು ಉಜ್ಜಿದಾಗ ನಿಜ ತಿಳಿಯುತ್ತದೆ. ಶಾಕ್ ಅಬ್ಸಾರ್ಬರಿನ ಕೆಳಗಿನ ಬೋಲ್ಟ್ ತೆಗೆದು, ಚಕ್ರವನ್ನು ಕೈಯಿಂದ ಪೂರ್ತಿ ಮೇಲೆತ್ತಿ, ಆ ಸ್ಥಿತಿಯಲ್ಲಿ ಅಳತೆ ಮಾಡಿ.

ಈಗ ಪೈಪು. ಗಟ್ಟಿ ಸರಳು ಹಾಕಿದರೆ ಭದ್ರ ಎಂಬ ನಂಬಿಕೆ ನಮ್ಮ ಕಡೆ ಬಲವಾಗಿದೆ, ಅದನ್ನು ಲೆಕ್ಕ ಹಾಕಿಯೇ ನೋಡೋಣ. 12 ಮಿ.ಮೀ. ಸರಳು ಮೀಟರಿಗೆ ಸುಮಾರು 890 ಗ್ರಾಂ ತೂಗುತ್ತದೆ. ಮುಕ್ಕಾಲು ಇಂಚು, ಅಂದರೆ 19 ಮಿ.ಮೀ. ಹೊರವ್ಯಾಸದ 16 ಗೇಜ್ (ಸುಮಾರು 1.6 ಮಿ.ಮೀ. ದಪ್ಪದ ಗೋಡೆಯ) ಎಂ.ಎಸ್. (ಸಾದಾ ಕಬ್ಬಿಣದ) ಪೈಪು ಮೀಟರಿಗೆ ಸುಮಾರು 690 ಗ್ರಾಂ. ತೂಕ ಕಡಿಮೆಯಾದರೂ ಬಾಗುವುದಕ್ಕೆ ಪೈಪು ಒಡ್ಡುವ ಪ್ರತಿರೋಧ ಸರಳಿಗಿಂತ ಮೂರು ಪಟ್ಟಿಗೂ ಹೆಚ್ಚು. ಹಾಗಾಗಿ 16 ಗೇಜಿನ ಮುಕ್ಕಾಲಿಂಚು ಪೈಪನ್ನೇ ತನ್ನಿ. 18 ಗೇಜ್ ತೆಳುವಾಯಿತು. ಮನೆಯ ಆರ್ಕ್ ಮಷಿನ್ನಿನಲ್ಲಿ ತೂತು ಬೀಳದಂತೆ ಅದನ್ನು ವೆಲ್ಡ್ ಮಾಡುವುದು ನುರಿತ ಕೈಗೂ ಕಷ್ಟ. ಪೈಪಿನ ತುದಿಯನ್ನು ಜಜ್ಜುವ ಬದಲು, ಅದರಲ್ಲಿ ಉದ್ದಕ್ಕೆ ಒಂದಿಂಚು ಸೀಳು ಕೊಯ್ದು, 5 ಮಿ.ಮೀ. ದಪ್ಪದ ಪಟ್ಟಿಯನ್ನು ಅದರೊಳಗೆ ತೂರಿಸಿ ಸುತ್ತ ವೆಲ್ಡ್ ಮಾಡಿ, ಬೋಲ್ಟಿನ ತೂತು ಆ ಪಟ್ಟಿಯಲ್ಲಿರಲಿ. ಬಗ್ಗಿಸಲು ಪೈಪ್ ಬೆಂಡರ್ ಇಲ್ಲದಿದ್ದರೆ ಪೈಪಿಗೆ ಮರಳು ಜಡಿದು ತುಂಬಿ, ಎರಡೂ ತುದಿಗೆ ಮರದ ಬೆಣೆ ಹೊಡೆದು, ಕಾಯಿಸಿ ಬಗ್ಗಿಸುವ ಹಳೆಯ ಉಪಾಯವಿದೆ. ಮರಳನ್ನು ಮೊದಲು ಬಾಣಲೆಯಲ್ಲಿ ಹುರಿದು ಪೂರ್ತಿ ಒಣಗಿಸಿರಬೇಕು, ಏಕೆಂದರೆ ಹಸಿ ಮರಳಿನ ನೀರು ಆವಿಯಾದರೆ ಬೆಣೆ ಗುಂಡಿನಂತೆ ಹಾರುತ್ತದೆ.

ವೆಲ್ಡಿಂಗನ್ನು ಬೈಕಿನ ಮೇಲೆ ಮಾಡಬೇಡಿ. ಚೌಕಟ್ಟಿಗಂತೂ ಯಾವ ಕಾರಣಕ್ಕೂ ಏನನ್ನೂ ವೆಲ್ಡ್ ಮಾಡಕೂಡದು. ಅಳತೆ ಕೂಡಿಸಲು ಒಂದೆರಡು ಚುಕ್ಕೆ ಹಾಕಲೇಬೇಕಾದರೆ ಬ್ಯಾಟರಿಯ ಎರಡೂ ವೈರು ತೆಗೆದು, ಇ.ಸಿ.ಯು. (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಕನೆಕ್ಟರ್ ಕಳಚಿ, ಅರ್ಥ್ ಕ್ಲಾಂಪನ್ನು ವೆಲ್ಡ್ ಮಾಡುವ ಪೈಪಿಗೇ ಹಾಕಿ. ಕ್ಲಾಂಪು ದೂರವಿದ್ದರೆ ಕರೆಂಟು ಬೇರಿಂಗುಗಳ ಮೂಲಕ ಹರಿದು ಅವುಗಳನ್ನು ಸುಡಬಹುದು. ನಾಲ್ಕು ಕಡೆ ಚುಕ್ಕೆ ಬಿದ್ದ ಮೇಲೆ ಸ್ಟ್ಯಾಂಡನ್ನು ಬಿಚ್ಚಿ ನೆಲದ ಮೇಲಿಟ್ಟು ಪೂರ್ತಿ ಮಾಡಿ. 2.5 ಮಿ.ಮೀ. ರಾಡು, 60ರಿಂದ 80 ಆಂಪಿಯರ್ ಸಾಕು. ಪ್ರತಿ ಕೀಲನ್ನೂ ಒಂದೇ ಉಸಿರಿಗೆ ಮುಗಿಸದೆ ಎದುರುಬದುರು ಜಾಗಗಳಲ್ಲಿ ಸ್ವಲ್ಪ ಸ್ವಲ್ಪವೇ ಹಾಕುತ್ತ ಹೋದರೆ ಸ್ಟ್ಯಾಂಡು ಸೊಟ್ಟಗಾಗುವುದಿಲ್ಲ. ವೆಲ್ಡಿಂಗ್ ಚೆಂದ ಕಾಣಲೆಂದು ಮಣಿಯನ್ನು ಪೂರ್ತಿ ಉಜ್ಜಿ ಪೈಪಿನ ಸಮಕ್ಕೆ ತರುವವರಿದ್ದಾರೆ, ಹಾಗೆ ಮಾಡಿದರೆ ಕೀಲಿನ ಬಲವೇ ಉಜ್ಜಿಹೋಗುತ್ತದೆ. ಚೂಪಾದ ಉಬ್ಬು ತೆಗೆದರೆ ಸಾಕು.

ನಿಮ್ಮೂರಿನ ಸುತ್ತ ಬೈಕಿನ ಎರಡೂ ಬದಿಗೆ ಹಾಲಿನ ಕ್ಯಾನು ನೇತುಹಾಕಿಕೊಂಡು ಡೈರಿಗೆ ಹೋಗುವವರಿದ್ದರೆ ಅವರ ಸ್ಟ್ಯಾಂಡನ್ನು ಒಮ್ಮೆ ಬಗ್ಗಿ ನೋಡಿ. ನೋಡಲು ಒರಟು, ಆದರೆ ಒಳ್ಳೆಯ ಕೈ ಮಾಡಿದ ಸ್ಟ್ಯಾಂಡಿನಲ್ಲಿ ಎಡ ಬಲಗಳನ್ನು ಕಟ್ಟುವ ಅಡ್ಡ ಪಟ್ಟಿ, ಕೆಳಗಿನಿಂದ ಓರೆಯಾಗಿ ಮುಂದಕ್ಕೆ ಬರುವ ಊರುಗೋಲು ಎರಡೂ ಇರುತ್ತವೆ. ದಿನಕ್ಕೆರಡು ಸಲ ಹಾಲು ಹೊತ್ತು ಕಲಿತ ಪಾಠ ಅದು.

ಬಾಕ್ಸಿನ ವಿಷಯಕ್ಕೆ ಬಂದರೆ, ನಿಮ್ಮ ಹಳೆಯ ಬಾಕ್ಸುಗಳನ್ನು ಗುಜರಿಗೆ ಹಾಕಬೇಡಿ. ಫೋಟೊದಲ್ಲಿ ಅವುಗಳ ಶೀಟು ಚೆನ್ನಾಗಿಯೇ ಇದೆ. ಕೆಟ್ಟಿರುವುದು ಬಣ್ಣ ಮಾತ್ರ. ಹೊಸದಾಗಿಯೇ ಮಾಡಬೇಕೆಂಬ ಆಸೆಯಿದ್ದರೆ ಲೆಕ್ಕ ಹೀಗಿದೆ. 40 ಸೆಂ.ಮೀ. ಉದ್ದ, 35 ಎತ್ತರ, 20 ಅಗಲದ ಬಾಕ್ಸು 28 ಲೀಟರ್ ಹಿಡಿಯುತ್ತದೆ. ಮಡಿಕೆಗಳೂ ಸೇರಿ ಅದಕ್ಕೆ ಸುಮಾರು 0.65 ಚದರ ಮೀಟರ್ ಶೀಟು ಬೇಕು. 1 ಮಿ.ಮೀ. ಕಬ್ಬಿಣದ ಸಿ.ಆರ್. ಶೀಟಿನಲ್ಲಿ ಮಾಡಿದರೆ ಖಾಲಿ ಬಾಕ್ಸೇ 5 ಕೆ.ಜಿ.; 1.5 ಮಿ.ಮೀ. ಅಲ್ಯೂಮಿನಿಯಂನಲ್ಲಾದರೆ 2.6 ಕೆ.ಜಿ. ಎರಡು ಬಾಕ್ಸಿಗೆ ಉಳಿಯುವ ಸುಮಾರು 5 ಕೆ.ಜಿ. ಸ್ಟ್ಯಾಂಡಿಗೆ ದೊಡ್ಡ ನೆಮ್ಮದಿ. ಅಲ್ಯೂಮಿನಿಯಂ ಕೊಳ್ಳುವಾಗ 5052 ಎಂಬ ನಮೂನೆಯನ್ನು ಕೇಳಿ ತನ್ನಿ. ಅದು ಬಿರುಕು ಬಿಡದೆ ಮಡಚಿಕೊಳ್ಳುತ್ತದೆ. ಹೆಚ್ಚು ಗಟ್ಟಿಯೆಂದು 6061-ಟಿ6 ತಂದರೆ ಬಿಗಿಯಾದ ಮಡಿಕೆಯಲ್ಲಿ ಸೀಳುತ್ತದೆ. ಅಲ್ಯೂಮಿನಿಯಂಗೆ ನಿಮ್ಮ ಆರ್ಕ್ ಮಷಿನ್ ನಡೆಯದು, ಆರ್ಗಾನ್ ವೆಲ್ಡಿಂಗ್ ಬೇಕು. ಅದರ ಗೊಡವೆಯೇ ಬೇಡವೆಂದಾದರೆ ಮೂಲೆಗಳಿಗೆ 20 ಮಿ.ಮೀ. ಆಂಗಲ್ ಕೊಟ್ಟು, ನಡುವೆ ಪಿ.ಯು. (ಪಾಲಿಯುರೆಥೇನ್) ಸೀಲೆಂಟ್ ಎಳೆದು, ಮೂರು ಸೆಂ.ಮೀ.ಗೊಂದರಂತೆ ಬಾಯಿ ಮುಚ್ಚಿದ ಪಾಪ್ ರಿವೆಟ್ ಹೊಡೆಯಿರಿ. ಸಾಮಾನ್ಯ ರಿವೆಟ್ಟಿನ ನಡುವಿನ ತೂತಿನಿಂದಲೇ ನೀರು ಒಳಗೆ ಜಿನುಗುತ್ತದೆ.

ಕಬ್ಬಿಣದ ಶೀಟೇ ಸರಿ ಎನ್ನುವುದಾದರೆ ನನ್ನ ಸಲಹೆ ಸ್ವಲ್ಪ ವಿಚಿತ್ರವೆನಿಸಬಹುದು: ವೆಲ್ಡಿಂಗ್ ಅಂಗಡಿಗೆ ಹೋಗದೆ ಟ್ರಂಕು ಮಾಡುವವರ ಬಳಿ ಹೋಗಿ. ತೆಳು ಶೀಟಿಗೆ ಕಾವು ತಗುಲಿದರೆ ಅದು ಅಲೆಅಲೆಯಾಗಿ ಸೊಟ್ಟಗಾಗುತ್ತದೆ. ಟ್ರಂಕಿನವರು ಬೆಂಕಿಯನ್ನೇ ಮುಟ್ಟಿಸದೆ ಅಂಚಿಗೆ ಅಂಚು ಮಡಚಿ ತಟ್ಟಿ ಕೂಡಿಸುತ್ತಾರೆ, ಮುಚ್ಚಳದ ಬಾಯಿಗೆ ತಂತಿ ಸುತ್ತಿ ಅಂಚನ್ನು ಗಟ್ಟಿ ಮಾಡುತ್ತಾರೆ. ಮೂಲೆಗಳನ್ನು ಸ್ವಲ್ಪ ದುಂಡಗೆ ಮಾಡಿಸಿ, ಮುಚ್ಚಳ ಬಾಕ್ಸಿನ ಹೊರಕ್ಕೆ 2 ಸೆಂ.ಮೀ. ಇಳಿದಿರಲಿ, ಒಳಗೆ ಕಾರಿನ ಬಾಗಿಲಿನ ಬೀಡಿಂಗ್ ರಬ್ಬರ್ ಅಂಟಿಸಿದರೆ ನಿಮ್ಮ ಮಳೆಗೂ ತಡೆಯುತ್ತದೆ.

ಇನ್ನು ಬಣ್ಣ. ನಿಮ್ಮ ಬಾಕ್ಸಿನ ಬಣ್ಣ ಎದ್ದುಬರಲು ಕಳಪೆ ಡಬ್ಬಿಯಾಗಲಿ ನಿಮ್ಮ ಕೈಯಾಗಲಿ ಕಾರಣವಲ್ಲ. ಜಿ.ಐ. ಶೀಟಿನ ಮೇಲೆ ಸತುವಿನ ಪದರ ಇರುತ್ತದೆ. ಆಯಿಲ್ ಪೇಂಟಿನಲ್ಲಿರುವ ಎಣ್ಣೆಯ ಅಂಶ ತೇವದ ಜೊತೆ ಸೇರಿ ಸತುವಿನೊಂದಿಗೆ ವರ್ತಿಸಿ, ಬಣ್ಣಕ್ಕೂ ಶೀಟಿಗೂ ನಡುವೆ ಸಾಬೂನಿನಂಥ ತೆಳುಪದರವನ್ನು ಹುಟ್ಟಿಸುತ್ತದೆ. ಸಾಬೂನಿನ ಮೇಲೆ ಬಣ್ಣ ನಿಲ್ಲುವುದು ಹೇಗೆ? ಎದ್ದುಬಂದ ಚಕ್ಕೆಯ ಹಿಂಭಾಗವನ್ನು ಬೆರಳಿನಿಂದ ಮುಟ್ಟಿ ನೋಡಿ, ಬಿಳಿಯಾದ, ನುಣುಪಾದ ಪುಡಿ ಅಂಟಿದರೆ ಇದೇ ರೋಗ. ಎಷ್ಟು ದುಬಾರಿಯ ಆಯಿಲ್ ಪೇಂಟ್ ತಂದರೂ ಜಿ.ಐ. ಮೇಲೆ ನೇರವಾಗಿ ಹೊಡೆದರೆ ಫಲಿತಾಂಶ ಇದೇ.

ಹಾಗಾಗಿ ಹಳೆಯ ಬಾಕ್ಸಿನ ಬಣ್ಣವನ್ನು ಪೂರ್ತಿ ಕಿತ್ತುಹಾಕಿ, ಒಂದು ಚಕ್ಕೆಯೂ ಉಳಿಯಬಾರದು. ಪಾತ್ರೆ ತೊಳೆಯುವ ಪುಡಿ ಮತ್ತು ಒರಟು ಸ್ಕ್ರಬ್ಬರಿನಿಂದ ಉಜ್ಜಿ ತೊಳೆದು ಬಿಸಿಲಿಗಿಟ್ಟು ಒಣಗಿಸಿ, 180 ನಂಬರಿನ ಎಮರಿ ಕಾಗದದಿಂದ ಹೊಳಪು ಹೋಗುವಷ್ಟು ಮಾತ್ರ ಉಜ್ಜಿ. ಗ್ರೈಂಡರ್ ಹಿಡಿದರೆ ಸತುವೇ ಹೊರಟುಹೋಗುತ್ತದೆ. ವೆಲ್ಡಿಂಗ್ ಆದ ಮೂಲೆಗಳಲ್ಲಿ ಸತು ಮೊದಲೇ ಸುಟ್ಟುಹೋಗಿದೆ. ಅಲ್ಲಿನ ತುಕ್ಕು ಕೆರೆದು ಸತುವಿನ ಪ್ರೈಮರ್ ಹಚ್ಚಿ. ಉಳಿದ ಕಡೆಗೆ ಎರಡು ಡಬ್ಬಿ ಬೆರೆಸುವ ಎಪಾಕ್ಸಿ ಪ್ರೈಮರ್, ಅದರ ಮೇಲೆ ಪಿ.ಯು. ಬಣ್ಣ. ಅಲ್ಯೂಮಿನಿಯಂ ಬಾಕ್ಸಿಗಾದರೆ ಎಪಾಕ್ಸಿಗಿಂತ ಮೊದಲು ಎಚ್ (etch, ಲೋಹದ ಮೈಯನ್ನು ತುಸು ಕಚ್ಚಿ ಹಿಡಿಯುವ) ಪ್ರೈಮರಿನ ಒಂದು ತೆಳು ಕೈ ಬೇಕು. ನಿಜ ಹೇಳಬೇಕೆಂದರೆ ಅಲ್ಯೂಮಿನಿಯಂಗೆ ನಾನು ಬಣ್ಣವನ್ನೇ ಹೊಡೆಯುವುದಿಲ್ಲ. ಗೀರು ಬಿದ್ದರೂ ಅದು ತನ್ನ ಪದರವನ್ನು ತಾನೇ ಕಟ್ಟಿಕೊಳ್ಳುತ್ತದೆ.

ಒಂದು ಮಾತು ನಡುವೆ ಹೇಳಲೇಬೇಕು: ಜಿ.ಐ. ಶೀಟನ್ನು ವೆಲ್ಡ್ ಮಾಡುವಾಗ ಬರುವ ಬಿಳಿ ಹೊಗೆ ಸತುವಿನದು. ಅದನ್ನು ಕುಡಿದವರಿಗೆ ಅಂದು ರಾತ್ರಿಯೇ ಚಳಿಜ್ವರ, ಮೈಕೈ ನೋವು ಬರುತ್ತದೆ. ವೆಲ್ಡ್ ಮಾಡುವ ಜಾಗದ ಸತುವನ್ನು ಮೊದಲೇ ಉಜ್ಜಿ ತೆಗೆಯಿರಿ, ಬಯಲಿನಲ್ಲಿ ಗಾಳಿಗೆ ಬೆನ್ನು ಕೊಟ್ಟು ಕೆಲಸ ಮಾಡಿ.

ಕಬ್ಬಿಣದ ಸ್ಟ್ಯಾಂಡಿಗೆ ಕ್ರಮ ಬೇರೆ. ಮೊದಲ ಕೆಲಸ ಉಜ್ಜುವುದಲ್ಲ, ಒರೆಸುವುದು. ಹೊಸ ಪೈಪಿನ ಮೇಲೆ ಎಣ್ಣೆಯ ಪಸೆ ಇರುತ್ತದೆ, ಒರೆಸದೆ ಉಜ್ಜಿದರೆ ಆ ಎಣ್ಣೆಯನ್ನೇ ಗೀರುಗಳೊಳಗೆ ತುಂಬಿದಂತಾಗುತ್ತದೆ. ಎರಡು ಬಟ್ಟೆ ಇಟ್ಟುಕೊಳ್ಳಿ: ಒಂದರಲ್ಲಿ ಥಿನ್ನರ್ ಹಚ್ಚಿ ಒರೆಸಿ, ಅದು ಆರುವ ಮೊದಲೇ ಇನ್ನೊಂದು ಒಣ ಬಟ್ಟೆಯಿಂದ ಎಣ್ಣೆಯನ್ನು ಎತ್ತಿಕೊಳ್ಳಿ. ಆಮೇಲೆ ವೆಲ್ಡಿಂಗಿನ ಗಾಜಿನಂಥ ಕಿಟ್ಟವನ್ನೂ ಅಕ್ಕಪಕ್ಕ ಸಿಡಿದ ಗುಂಡುಗಳನ್ನೂ ಚಾಣದಿಂದ ಕೆತ್ತಿ, ಕಾವಿಗೆ ನೀಲಿಯಾದ ಭಾಗವನ್ನು ಫ್ಲಾಪ್ ಡಿಸ್ಕಿನಿಂದ ಬಿಳಿ ಮಾಡಿ, ಎಲ್ಲವನ್ನೂ 80, ಬಳಿಕ 120 ನಂಬರಿನ ಎಮರಿಯಿಂದ ಉಜ್ಜಿ. ಪಟ್ಟಿಗಳ ಚೂಪು ಅಂಚುಗಳನ್ನು ಅರದಿಂದ ದುಂಡಗೆ ಮಾಡಿ, ಏಕೆಂದರೆ ಹಸಿ ಬಣ್ಣ ಚೂಪಾದ ಅಂಚಿನಿಂದ ಎರಡೂ ಬದಿಗೆ ಸರಿದುಕೊಂಡು ಅಂಚಿನ ಮೇಲೆ ತೆಳುವಾಗಿ ಉಳಿಯುತ್ತದೆ, ತುಕ್ಕು ಹೊರಡುವುದು ಅಲ್ಲಿಂದಲೇ. ಇದೇ ಕಾರಣಕ್ಕೆ ಪ್ರೈಮರನ್ನು ಸ್ಪ್ರೇ ಮಾಡುವ ಮೊದಲು ಅಂಚು, ವೆಲ್ಡಿಂಗ್ ಮಣಿ, ತೂತುಗಳ ಸುತ್ತ ಸಣ್ಣ ಬ್ರಷ್ಷಿನಿಂದ ಒಂದು ಕೈ ಹೆಚ್ಚಿಗೆ ಹಚ್ಚಿ.

ಮಲೆನಾಡಿನಲ್ಲಿ ಬೆಳಿಗ್ಗೆ ಉಜ್ಜಿದ ಕಬ್ಬಿಣ ಸಂಜೆಗೆ ಕೆಂಪಾಗುತ್ತದೆ. ಹಾಗಾಗಿ ಉಜ್ಜಿದ ದಿನವೇ, ಸಾಧ್ಯವಾದರೆ ಊಟದ ಹೊತ್ತಿನೊಳಗೆ, ಎಪಾಕ್ಸಿ ಪ್ರೈಮರ್ ಬೀಳಲಿ. ಅಂಗಡಿಯವರು ರೆಡ್ ಆಕ್ಸೈಡ್ ಸಾಕೆನ್ನುತ್ತಾರೆ. ಅದು ಕಿಟಕಿ ಸರಳಿಗೆ ಸರಿ. ಕಲ್ಲು ಸಿಡಿಯುವ, ನೀರು ಎರಚುವ ಜಾಗಕ್ಕೆ ಸಾಲದು, ಮೇಲೆ ಬಣ್ಣ ಬೀಳದೆ ನಾಲ್ಕು ದಿನ ಬಿಟ್ಟರೆ ತೇವವನ್ನೂ ಹೀರಿಕೊಳ್ಳುತ್ತದೆ. ಕೆಲಸಕ್ಕೆ ಜನವರಿಯಿಂದ ಏಪ್ರಿಲ್‌ವರೆಗಿನ ಒಣ ದಿನಗಳನ್ನು ಆರಿಸಿಕೊಳ್ಳಿ. ಗಾಳಿಯ ತೇವಾಂಶ ಶೇ. 85 ಮೀರಿದ್ದರೆ ಡಬ್ಬಿ ತೆರೆಯಬೇಡಿ. ಆಗುಂಬೆಯ ಆಸುಪಾಸಿನಲ್ಲಿ, ವರ್ಷಕ್ಕೆ 7,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುವ ಸೀಮೆಯಲ್ಲಿ, ಜೂನ್ ನಂತರ ಬಣ್ಣದ ಯೋಚನೆಯನ್ನೇ ಬಿಡಬೇಕು. ಮಂಜಿನ ಮುಂಜಾನೆಯೂ ಬೇಡ. ಕಬ್ಬಿಣದ ಮೇಲೆ ಕಣ್ಣಿಗೆ ಕಾಣದ ಇಬ್ಬನಿ ಕೂತಿರುತ್ತದೆ. ಹತ್ತು ಗಂಟೆಯ ಬಿಸಿಲು ತಾಗಿ ಪೈಪು ಕೈಗೆ ಬೆಚ್ಚಗಾದ ಮೇಲೆ ನೆರಳಿಗೆ ತಂದು ಶುರುಮಾಡಿ.

ಪಿ.ಯು. ಬಣ್ಣದ ಹಾರ್ಡ್‌ನರಿನಲ್ಲಿ ಐಸೊಸಯನೇಟ್ ಇರುತ್ತದೆ. ಅದರ ತುಂತುರು ಶ್ವಾಸಕೋಶಕ್ಕೆ ಹೋದರೆ ಆಸ್ತಮಾ ಅಂಟಿಕೊಳ್ಳಬಹುದು, ಮೂಗಿಗೆ ಕಟ್ಟಿದ ಕರವಸ್ತ್ರವಾಗಲಿ ಕಾಗದದ ಮಾಸ್ಕಾಗಲಿ ಅದನ್ನು ತಡೆಯುವುದಿಲ್ಲ. ಸರಿಯಾದ ರೆಸ್ಪಿರೇಟರ್ ಇಲ್ಲದಿದ್ದರೆ ಮೇಲಿನ ಬಣ್ಣದ ಕೆಲಸವನ್ನು ಕಾರುಗಳಿಗೆ ಬಣ್ಣ ಹೊಡೆಯುವವರಿಗೆ ಒಪ್ಪಿಸಿ. ತಯಾರಿ ನಿಮ್ಮದೇ ಆಗಿದ್ದರೆ ಅವರ ಕೆಲಸ ಅರ್ಧ ಗಂಟೆಯದು.

ಪೌಡರ್ ಕೋಟಿಂಗ್ ಬಗ್ಗೆಯೂ ಹೇಳುತ್ತೇನೆ, ಏಕೆಂದರೆ ಶಿವಮೊಗ್ಗಕ್ಕೆ ಹೋದರೆ ಯಾರಾದರೂ ಅದನ್ನು ಸೂಚಿಸಿಯೇ ಸೂಚಿಸುತ್ತಾರೆ. ಸ್ಟ್ಯಾಂಡಿಗೆ ಅದು ಒಳ್ಳೆಯದೇ. ಅವರ ಒಲೆಯಲ್ಲಿ 180ರಿಂದ 200 ಡಿಗ್ರಿ ಸೆಲ್ಸಿಯಸ್ ಕಾವಿರುತ್ತದೆ, ಆದ್ದರಿಂದ ರಬ್ಬರು, ಸೀಲೆಂಟು ಏನೂ ಇರಬಾರದು, ಎಲ್ಲ ಕಡೆ ಮುಚ್ಚಿದ ಪೈಪಾದರೆ ಒಳಗಿನ ಗಾಳಿ ಹೊರಬರಲು ತೂತು ಬೇಕು. ತೂತನ್ನು ಪೈಪಿನ ಅತ್ಯಂತ ಕೆಳಗಿನ ಬಿಂದುವಿನಲ್ಲಿ, 4 ಮಿ.ಮೀ. ಅಗಲಕ್ಕೆ ಕೊರೆಯಿರಿ, ಮುಂದೆ ನೀರು ಬಸಿಯಲೂ ಅದೇ ದಾರಿ. ಒಳಮೂಲೆಗಳಿಗೆ ಪುಡಿ ಸರಿಯಾಗಿ ಹೋಗುವುದಿಲ್ಲವಾದ್ದರಿಂದ ಬಾಕ್ಸಿಗೆ ನಾನು ಅದನ್ನು ಹೇಳುವುದಿಲ್ಲ. ಬೋಲ್ಟ್ ಕೂರುವ ಮುಖಗಳಿಗೆ ದಪ್ಪ ಬಣ್ಣವೂ ಪೌಡರೂ ಬೀಳದಂತೆ ಟೇಪ್ ಅಂಟಿಸಿರಬೇಕು, ಅಲ್ಲಿ ಪ್ರೈಮರಿನ ತೆಳು ಪದರ ಸಾಕು. ದಪ್ಪ ಪದರ ಬೋಲ್ಟಿನ ಒತ್ತಡಕ್ಕೆ ನಿಧಾನವಾಗಿ ಕುಗ್ಗುತ್ತದೆ, ಅದು ಕುಗ್ಗಿದಷ್ಟೂ ಬೋಲ್ಟು ಸಡಿಲ.

ಕೂರಿಸುವಾಗ ಬಲಗಡೆ ಸೈಲೆನ್ಸರ್ ಮೇಲಕ್ಕೆ ಎದ್ದಿರುವುದನ್ನು ಮರೆಯಬೇಡಿ. ಆ ಬದಿಯ ಬಾಕ್ಸಿಗೂ ಸೈಲೆನ್ಸರಿಗೂ ನಡುವೆ ಕನಿಷ್ಠ ನಾಲ್ಕು ಬೆರಳು ಅಂತರವಿಟ್ಟು, ಬಾಕ್ಸಿಗೆ ತಗುಲದಂತೆ ಪ್ರತ್ಯೇಕವಾಗಿ ಒಂದು ತಗಡಿನ ಮರೆ ಕಟ್ಟಿ. ಇದರಿಂದ ಬಲಗಡೆಯ ಬಾಕ್ಸ್ ತುಸು ಹೊರಗೆ ಬರುತ್ತದೆ. ಎರಡೂ ಸೇರಿ ಹ್ಯಾಂಡಲ್‌ಬಾರಿನ ಅಗಲ ಮೀರದಂತೆ ಎಡಗಡೆಯದನ್ನು ಒಳಗೆ ಸರಿಸಿ. ಬಾಕ್ಸಿನ ಮುಂಭಾಗ ನಿಮ್ಮ ಕಾಲಿನಿಂದ ದೂರವಿರಬೇಕು. ಕೆಸರಿನಲ್ಲಿ ಕಾಲು ಊರಿದಾಗ ಗಟ್ಟಿ ಬಾಕ್ಸು ಹಿಂದಿನಿಂದ ಬಂದು ಮೀನಖಂಡವನ್ನು ನೆಲಕ್ಕೆ ಒತ್ತಿಹಿಡಿಯುತ್ತದೆ, ಹಾಗಾಗಿ ಮೂಳೆ ಮುರಿದುಕೊಂಡವರಿದ್ದಾರೆ. ಇಂಡಿಕೇಟರ್, ಹಿಂದಿನ ದೀಪ, ನಂಬರ್ ಪ್ಲೇಟ್ ಮೂರೂ ಹಿಂದಿನಿಂದಲೂ ಓರೆಯಿಂದಲೂ ಕಾಣಬೇಕು. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ವಾಹನದ ಮಾರ್ಪಾಡಿಗೆ ಮಿತಿ ಹಾಕುತ್ತದೆ. ಚೌಕಟ್ಟನ್ನು ಕೊಯ್ಯದೆ, ವೆಲ್ಡ್ ಮಾಡದೆ, ಬೋಲ್ಟ್ ಬಿಚ್ಚಿದರೆ ಬೈಕು ಮೊದಲಿನಂತಾಗುವ ಹಾಗೆ ಮಾಡಿ ಎಂದು ನಾನು ಒತ್ತಿ ಹೇಳುವುದಕ್ಕೆ ಇದೂ ಒಂದು ಕಾರಣ.

ಎಲ್ಲ ಕಡೆ 8 ಮಿ.ಮೀ.ನ, ತಲೆಯ ಮೇಲೆ 8.8 ಎಂದು ಕೆತ್ತಿರುವ ಬೋಲ್ಟು, ನೈಲಾಕ್ ನಟ್ಟು (ಒಳಗೆ ನೈಲಾನ್ ಬಳೆಯಿದ್ದು ಸುಲಭಕ್ಕೆ ಸಡಿಲವಾಗದ್ದು) ಹಾಕಿ. ಅಲ್ಯೂಮಿನಿಯಂ ಬಾಕ್ಸಾದರೆ ಕಬ್ಬಿಣದ ಸ್ಟ್ಯಾಂಡಿಗೂ ಅದಕ್ಕೂ ನಡುವೆ ರಬ್ಬರ್ ಅಥವಾ ನೈಲಾನ್ ವಾಷರ್ ಇರಲಿ. ಎರಡು ಲೋಹಗಳು ಮಳೆನೀರಿನಲ್ಲಿ ತಾಗಿಕೊಂಡಿದ್ದರೆ ಅಲ್ಯೂಮಿನಿಯಂ ಬಿಳಿಪುಡಿಯಾಗಿ ಸವೆಯುತ್ತದೆ. ಭಾರದ ಸಾಮಾನು ತಳಕ್ಕೆ, ಎರಡೂ ಬದಿಗೆ ಸಮನಾಗಿ ತುಂಬಿ. ಮೊದಲ 100 ಕಿ.ಮೀ. ಓಡಿಸಿದ ಮೇಲೆ ಎಲ್ಲ ಬೋಲ್ಟುಗಳನ್ನೂ ಇನ್ನೊಮ್ಮೆ ಬಿಗಿ ಮಾಡಿ. ಬಣ್ಣ ತಿಳಿಯಾದ ಬೂದು ಆಗಿದ್ದರೆ ಇನ್ನೊಂದು ಅನುಕೂಲವಿದೆ: ಕೀಲಿನ ಪಕ್ಕ ಬಿರುಕು ಬಿಡಲು ಶುರುವಾದರೆ ಅದರಿಂದ ಜಿನುಗುವ ತುಕ್ಕಿನ ಕೆಂಪು ಗೆರೆ ಬೈಕು ತೊಳೆಯುವಾಗಲೇ ಎದ್ದು ಕಾಣುತ್ತದೆ. ನಿಮ್ಮ ಹಳೆಯ ಸ್ಟ್ಯಾಂಡು ಕಪ್ಪಾಗಿತ್ತು.